ಉಪ್ಪು ಕೊಂಡು ಕೋಟೆ ಮಣಿಸಿದ ಆಟ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣೀಲಿ ಮಕ್ಕಳ ರಜೆ ಬಗ್ಗೆ ಬಂದಿದ್ದ ಬರಹ ಓದ್ದೆ. ಮೊಬೈಲ್ ಕೆಳಗಿಟ್ಟು ನಾಲ್ಕು ಜನ ಕೂತು ಆಡೋ ಆಟಗಳ ಕಡೆ ಮಕ್ಕಳನ್ನ ತಿರುಗಿಸಿ ಅಂತ ಬರೆದಿದ್ದು, ಚೌಕಾಬಾರ ಅಳಗುಳಿಮಣೆ ಎಲ್ಲ ನೆನಪು ಮಾಡಿದ್ದು ತುಂಬ ಖುಷಿ ಆಯ್ತು. ಆದ್ರೆ ಕೊನೇಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಥರದ ರೋಲ್‌ಪ್ಲೇ ಆಟಗಳ ಬಗ್ಗೆ ಎರಡೇ ಎರಡು ಸಾಲು, ಒಬ್ಬರು ಕತೆ ಹೇಳ್ತಾರೆ ಮಿಕ್ಕವರು ಅದರಲ್ಲಿ ಪಾತ್ರ ಮಾಡ್ತಾರೆ ಅನ್ನೋ ಅರ್ಥದಲ್ಲಿ. ಅದನ್ನ ಓದಿ ಸುಮ್ನೆ ಇರೋಕಾಗ್ಲಿಲ್ಲ, ಅದಕ್ಕೇ ಈ ಪತ್ರ. ಉದ್ದ ಆಗತ್ತೆ, ಜಾಗ ಸಾಲದಿದ್ರೆ ಕತ್ತರಿ ಹಾಕಿ, ಆದ್ರೆ ಉಪ್ಪಿನ ವಿಷಯ ಮಾತ್ರ ದಯವಿಟ್ಟು ಬಿಡ್ಬೇಡಿ.

ನಾನು ಹಾಸನದಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳ್ಕೊಡೋಳು. ಮೂರು ವರ್ಷದಿಂದ ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ನಮ್ಮನೆ ಹಾಲ್‌ನಲ್ಲಿ ಈ ಆಟ ನಡೆಸ್ತೀನಿ. ಆಡೋರು ನಾಲ್ಕು ಜನ, ಒಂಬತ್ತನೇ ಕ್ಲಾಸಿನ ಅಕ್ಕನ ಮಗ, ಪಕ್ಕದ ಬೀದಿ ಬಡಗಿಯವರ ಮಗಳು, ಅವಳ ಜೊತೆ ಓದೋ ಇನ್ನೊಬ್ಬಳು, ಆಮೇಲೆ ನಮ್ಮ ಚಿಕ್ಕಪ್ಪ, ಮೂವತ್ತು ವರ್ಷ ದಿನಸಿ ಅಂಗಡಿ ನಡೆಸಿ ಈಗ ಮಗನ ಕೈಗೆ ಬಿಟ್ಟುಕೊಟ್ಟಿರೋರು. ಇದು ಬರೀ ಕತೆ ಕೇಳೋ ಆಟ ಆಗಿದ್ರೆ ಚಿಕ್ಕಪ್ಪ ಎರಡನೇ ವಾರಕ್ಕೇ ಎದ್ದು ಹೋಗಿರೋರು, ಕತೆ ಕೇಳ್ತಾ ಕೂತ್ರೆ ಅವರಿಗೆ ನಿದ್ದೆ ಬರತ್ತೆ. ಈ ಆಟಕ್ಕೆ ಮಾತ್ರ ಎರಡೂವರೆಗೆ ಅಂದ್ರೆ ಎರಡು ಗಂಟೆಗೇ ಬಂದು ಚಾಪೆ ಹಾಸ್ಕೊಂಡು ಕೂತಿರ್ತಾರೆ.

ಕತೆ ಹೇಳೋ ಬಗೆ ಇಲ್ವೇ ಇಲ್ಲ ಅಂತಲ್ಲ, ಇದೆ. ನಡೆಸೋರು ಮೊದಲೇ ಎಲ್ಲ ಗಟ್ಟಿ ಮಾಡ್ಕೊಂಡು ಬಂದಿರ್ತಾರೆ, ಮೊದಲು ಕಾಡು ಆಮೇಲೆ ಗುಹೆ ಕೊನೇಲಿ ರಾಕ್ಷಸ, ಆಡೋರು ಎಡಕ್ಕೆ ಹೋದ್ರೂ ಬಲಕ್ಕೆ ಹೋದ್ರೂ ಸಿಗೋದು ಅದೇ ಗುಹೆ. ಆಟಗಾರರು ಇದಕ್ಕೆ ರೈಲ್‌ರೋಡ್ ಅಂತಾರೆ, ಹಳಿ ಮೇಲೆ ಕೂರಿಸಿ ಕರ್ಕೊಂಡು ಹೋಗೋದು. ಹೊಸಬರ ಜೊತೆ ಒಂದು ಸಂಜೆ ಆಡೋಕೆ ಅದೂ ಚೆನ್ನಾಗೇ ಇರತ್ತೆ. ನಾನು ಹೇಳ್ತಿರೋದು ಇನ್ನೊಂದು ಬಗೆ, ಸ್ಯಾಂಡ್‌ಬಾಕ್ಸ್ ಅಂತಾರಲ್ಲ ಅದು. ಮನೆ ಕಟ್ಟೋಕೆ ಬೀದೀಲಿ ಮರಳು ಹೊಡೆಸಿದ್ರೆ ಸಂಜೆ ಆಗೋದೇ ತಡ ಬೀದಿ ಮಕ್ಕಳೆಲ್ಲ ಆ ಗುಡ್ಡೆ ಹತ್ತಿ ಒಬ್ಬ ಗೂಡು ಕಟ್ತಾನೆ ಒಬ್ಬಳು ಸುರಂಗ ತೋಡ್ತಾಳೆ, ಹಿಂಗೇ ಆಡಿ ಅಂತ ಯಾರೂ ಹೇಳಿರಲ್ಲ, ಅಂಥದ್ದು. ಇದರಲ್ಲಿ ನಡೆಸೋರು ಒಂದು ಸೀಮೆ ಮಾಡಿ ಇಡ್ತಾರೆ, ಊರು ಹೊಳೆ ಕಾಡು ಕೋಟೆ, ಅಲ್ಲಿ ಯಾರಿದಾರೆ ಅವರಿಗೇನು ಬೇಕು ಅನ್ನೋದು. ಎಲ್ಲಿಗೆ ಹೋಗ್ಬೇಕು ಏನು ಮಾಡ್ಬೇಕು ಅನ್ನೋದು ಪೂರ್ತಿ ಆಡೋರಿಗೆ ಬಿಟ್ಟಿದ್ದು.

ಚೌಕಾಬಾರದಲ್ಲಿ ಮೊದಲು ಕವಡೆ ಬೀಳತ್ತೆ, ಬಿದ್ದಷ್ಟು ಮನೆ ಕಾಯಿ ನಡೆಸ್ತೀವಿ. ಇಲ್ಲಿ ಅದು ತಿರುಗಾ ಮುರುಗಾ. ನಾನು ಏನು ಮಾಡ್ತೀನಿ ಅಂತ ಮೊದಲು ಬಾಯಲ್ಲಿ ಹೇಳ್ಬೇಕು, ಆಗತ್ತೋ ಇಲ್ವೋ ಅನ್ನೋ ಅನುಮಾನ ಇದ್ರೆ ಮಾತ್ರ ದಾಳ. ಹಗ್ಗ ಕಟ್ಟಿ ಬಾವಿಗೆ ಇಳೀತೀನಿ ಅಂದ್ರೆ ಇಳಿದ ಹಾಗೇ, ಹಗ್ಗ ಗಟ್ಟಿಯಾಗಿದ್ರೆ ದಾಳ ಯಾಕೆ.

ಈಗ ಉಪ್ಪಿಗೆ ಬರ್ತೀನಿ.

ನಮ್ಮ ಆಟದ ಸೀಮೆ ಜೇನುಗೂಡಿನ ಥರ ಆರು ಮೂಲೆ ಮನೆಗಳ ಹಾಳೆ ಮೇಲಿದೆ, ಒಂದೊಂದು ಮನೆ ಆರು ಮೈಲಿ, ಚಿಕ್ಕಪ್ಪನ ಲೆಕ್ಕದಲ್ಲಿ ಎರಡು ಹರಿದಾರಿ. ಒಂದು ಹೊಳೆ, ದಂಡೇಲಿ ಮೂರು ಹಳ್ಳಿ, ಹೊಳೆ ದಾಟೋಕೆ ಇರೋದು ಒಂದೇ ದೋಣಿ ಕಡವು, ಅದರ ಮೇಲ್ಗಡೆ ಗುಡ್ಡದ ಕೋಟೆ. ಕೋಟೆಯವರು ದೋಣಿಗೆ ಬಂದೋರ ಹತ್ರ ಎಲ್ಲ ಸುಂಕ ಕೀಳ್ತಾರೆ. ನನ್ನ ನೋಟ್‌ಬುಕ್ಕಲ್ಲಿ ಕೋಟೆ ಬಗ್ಗೆ ಬರ್ಕೊಂಡಿದ್ದು ಇಷ್ಟೇ: 34 ಜನ, ಒಳಗೇ ಬಾವಿ ಇದೆ, ರಾಗಿ ಎರಡು ತಿಂಗಳಿಗೆ ಸಾಕು, ಉಪ್ಪು ಮೆಣಸಿನಕಾಯಿ ಮಂಗಳವಾರದ ಸಂತೆಯಿಂದ ಕತ್ತೆ ಮೇಲೆ ಬರತ್ತೆ, ನಾಯಕ ಮೊದಲು ರಾಜನ ದಂಡಿನಲ್ಲಿದ್ದೋನು, ಎಂಟು ತಿಂಗಳಿಂದ ಸಂಬಳ ಬಂದಿಲ್ಲ. ಇವರನ್ನ ಸೋಲಿಸೋದು ಹೆಂಗೆ ಅಂತ ಒಂದಕ್ಷರ ಬರ್ದಿರಲಿಲ್ಲ. ಸೋಲಿಸ್ಬೇಕು ಅಂತಲೂ ಬರ್ದಿರಲಿಲ್ಲ.

ಅಕ್ಕನ ಮಗ ಕತ್ತಿ ಹಿರಿದು ಹೋಗೋಣ ಅಂದ. ಹುಡುಗೀರು ಎಣಿಸಿ ತೋರ್ಸಿದ್ರು, ನಾವು ನಾಲ್ಕು ಅವರು ಮೂವತ್ತರ ಮೇಲೆ ಅಂತ. ರಾತ್ರಿ ಗೋಡೆ ಹತ್ತೋಣ, ಬಾವಿಗೆ ಏನಾದ್ರೂ ಹಾಕೋಣ, ದೋಣೀನೇ ಕದಿಯೋಣ, ಒಂದು ಗಂಟೆ ಬರೀ ಇದೇ ವಾದ. ಚಿಕ್ಕಪ್ಪ ಸುಮ್ನೆ ಅಡಿಕೆ ಕತ್ತರಿಸ್ತಾ ಕೂತಿದ್ದೋರು ತಲೆ ಎತ್ತಿ ಕೇಳಿದ್ರು, "ಅಲ್ಲಮ್ಮಾ, ಆ ಮೂವತ್ತು ಜನ ಊಟಕ್ಕೇನು ಮಾಡ್ತಾರೆ?"

ನೋಡಿ ಸಂಪಾದಕರೇ, ಆ ಪ್ರಶ್ನೆ ಕೇಳಿದ ಕ್ಷಣ ನಂಗೆ ಮೈ ಜುಂ ಅಂತು. ಕೂತು ನೋಡಿದ್ರೆ ಗೊತ್ತಾಗತ್ತೆ ಅಂದೆ. ಮೂರು ದಿನ ಆಲದ ಮರದ ಮೇಲೆ ಕೂತು ನೋಡಿದ್ರು, ಆಟದಲ್ಲಿ ಮೂರು ದಿನ, ನಮಗೆ ಹತ್ತು ನಿಮಿಷ. ಕತ್ತೆಯವನನ್ನ ಕಂಡ್ರು, ಹಿಂದೆ ಬಿದ್ದು ಸಂತೆಗೆ ಹೋದ್ರು, ಏನೇನು ಕೊಳ್ತಾನೆ ಅಂತ ಎಣಿಸಿದ್ರು. ಚಿಕ್ಕಪ್ಪ ಅಂದ್ರು, ರಾಗಿ ಯಾರಾದ್ರೂ ಬೆಳ್ಕೊಬೋದು, ಉಪ್ಪು ಯಾರೂ ಬೆಳೆಯಲ್ಲ, ಮುಂದಿನ ಮಂಗಳವಾರ ಬೆಳಿಗ್ಗೇನೇ ಹೋಗಿ ಸಂತೇಲಿರೋ ಉಪ್ಪು ಅಷ್ಟೂ ನಾವೇ ಎತ್ತಿಬಿಡೋಣ. ಅವರ ಹತ್ರ ಇದ್ದಿದ್ದು 40 ವರಹ, ಅಷ್ಟೂ ಸುರಿದ್ರು.

ನಾನು ಕೂತು ಯೋಚನೆ ಮಾಡ್ದೆ, ಸಂತೆ ಉಪ್ಪೆಲ್ಲ ಒಬ್ಬರೇ ಎತ್ತಿದ್ರೆ ನಿಜವಾಗ್ಲೂ ಏನಾಗತ್ತೆ. ಕೋಟೆಗಿಂತ ಮೊದಲು ತಟ್ಟೋದು ಹಳ್ಳಿಗೆ. ಎರಡನೇ ದಿನಕ್ಕೇ ಹಳ್ಳಿ ಹೆಂಗಸರು ಬಂದು ಇವರು ಇಳ್ಕೊಂಡಿದ್ದ ಛತ್ರದ ಮುಂದೆ ನಿಂತ್ರು ಅಂದೆ, ನಮ್ಮನೆ ಸಾರಿಗೆ ಉಪ್ಪಿಲ್ಲ ನಿಮ್ಮ ಜಗಳ ನೀವು ಆಡ್ಕೊಳಿ ಅಂತ. ಮಕ್ಕಳ ಮುಖ ಪೆಚ್ಚಾಯ್ತು, ಇದನ್ನ ಯಾರೂ ನೆನೆಸಿರಲಿಲ್ಲ. ಬಡಗಿಯವರ ಮಗಳೇ ಮೊದಲು ಬಾಯಿ ಬಿಟ್ಟಿದ್ದು, ಮನೆಮನೆಗೆ ಲೆಕ್ಕ ಹಾಕಿ ಹಳೇ ಬೆಲೆಗೇ ಕೊಡೋಣ, ಆದ್ರೆ ವಾರಕ್ಕೆ ಆಗೋಷ್ಟೇ, ಕೋಟೆಗೆ ಮಾರೋಕೆ ಯಾರ ಹತ್ರಾನೂ ಮಿಗಬಾರ್ದು. ಚಿಕ್ಕಪ್ಪ ಹಳೇ ಉದ್ರಿ ಪುಸ್ತಕದ ಹಿಂದಿನ ಹಾಳೇಲಿ ಗೆರೆ ಹೊಡೆದು ಮೂರು ಹಳ್ಳಿ 70 ಮನೆ ಲೆಕ್ಕ ಬರೆದ್ರು. ಆ ಹಾಳೆ ಇನ್ನೂ ನನ್ನ ಹತ್ರ ಇದೆ, ಮಕ್ಕಳ ಅಕ್ಷರ ಒಂದು ಕಡೆ ಚಿಕ್ಕಪ್ಪನ ಮೋಡಿ ಅಕ್ಷರದಂಥ ಬರವಣಿಗೆ ಇನ್ನೊಂದು ಕಡೆ.

ಮೂರನೇ ವಾರ ಕೋಟೆಯ ಕತ್ತೆಯವನು ಛತ್ರಕ್ಕೆ ಬಂದ. ಆಗ ದಾಳ ಹಾಕ್ದೆ. ಹಳೇ ನಿಯಮದ ಪುಸ್ತಕದಲ್ಲಿ ಇದಕ್ಕೊಂದು ಚೆಂದದ ಪಟ್ಟಿ ಇದೆ, ಎದುರಿಗೆ ಬಂದೋರು ಹೆಂಗೆ ನಡ್ಕೊತಾರೆ ಅಂತ ನೋಡೋಕೆ ಎರಡು ದಾಳ. ಎರಡೂ ಕೂಡಿಸಿ ಎರಡು ಬಿದ್ರೆ ಮೈಮೇಲೆ ಬೀಳ್ತಾರೆ, ಹನ್ನೆರಡು ಬಿದ್ರೆ ಸ್ನೇಹ, 36 ಸಲಕ್ಕೆ 16 ಸಲ ಆರರಿಂದ ಎಂಟರೊಳಗೆ ಬಿದ್ದು ಅವರೂ ಏನು ಮಾಡೋದು ಅಂತ ನೋಡ್ತಾ ನಿಲ್ತಾರೆ. ಎದುರಾದೋರೆಲ್ಲ ಶತ್ರುಗಳೇ ಅಲ್ಲ ಅನ್ನೋದನ್ನ ದಾಳಾನೇ ಹೇಳ್ಕೊಡತ್ತೆ. ಅವತ್ತು ಬಿದ್ದಿದ್ದು ಒಂಬತ್ತು, ಮಾತಿಗೆ ಸಿದ್ಧ ಇದಾನೆ ಅಂತ ಅರ್ಥ. ಆಮೇಲೆ ಒಂದು ಗಂಟೆ ಚಿಕ್ಕಪ್ಪ ಮಾಡಿದ ಚೌಕಾಸಿ ನೀವು ನೋಡ್ಬೇಕಿತ್ತು, ದುಡ್ಡು ಕೇಳ್ಲೇ ಇಲ್ಲ, ಸಂತೆ ದಿನ ಕಡವಲ್ಲಿ ಸುಂಕ ಬೇಡ ಅನ್ನೋದೊಂದೇ ಮಾತು. ಆ ಮಾತಿನ ಮಧ್ಯೇನೇ ಸಂಬಳದ ವಿಷಯ ಹೊರಗೆ ಬಂತು, ಈಗ ನಾಲ್ಕೂ ಜನ ಕೋಟೆಯವರ ಬಾಕಿ ಸಂಬಳ ಕೇಳೋಕೆ ರಾಜಧಾನಿಗೆ ಹೊರಟಿದಾರೆ. ಒಂದೇ ಒಂದು ಕತ್ತಿ ಹಿರೀಲಿಲ್ಲ. ಇದನ್ನ ಕತೆ ಹೇಳೋ ಆಟ ಅಂದ್ರೆ ಆ ಕತೆ ಯಾರದು ಹೇಳಿ? ನಂದಂತೂ ಅಲ್ಲ.

ಇಷ್ಟೊಂದು ಯಾಕೆ ಹಚ್ಕೊಂಡಿದೀನಿ ಅಂದ್ರೆ ನನ್ನ ಕೆಲಸದಲ್ಲಿ ದಿನಾ ಇದರ ಉಲ್ಟಾ ನೋಡ್ತೀನಿ. ಲ್ಯಾಬಲ್ಲಿ ಪೆಂಡುಲಮ್ ಪ್ರಯೋಗ, ಗುರುತ್ವದ ಬೆಲೆ 9.8 ಬರ್ಬೇಕು ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ಬುದ್ಧಿವಂತ ಮಕ್ಕಳೇ 9.8 ಅಂತ ಮೊದಲು ಬರ್ಕೊಂಡು ಅಲ್ಲಿಂದ ಹಿಂದಕ್ಕೆ ರೀಡಿಂಗ್ ಕಟ್ಕೊಂಡು ಬರ್ತಾರೆ. ಅವರನ್ನ ಬೈಯೋಕೆ ಮನಸ್ಸು ಬರಲ್ಲ, ಯಾಕಂದ್ರೆ ಒಂದನೇ ಕ್ಲಾಸಿಂದ ನಾವು ಕೊಟ್ಟ ಪ್ರಶ್ನೆಗೆಲ್ಲ ಗೈಡಲ್ಲಿ ಉತ್ತರ ಇತ್ತು, ಪ್ರಶ್ನೆ ಕೇಳೋರ ಜೇಬಲ್ಲೇ ಉತ್ತರ ಇರತ್ತೆ, ಅದನ್ನ ಊಹೆ ಮಾಡೋದೇ ಜಾಣತನ ಅಂತ ಮಕ್ಕಳು ಕಲ್ತುಬಿಟ್ಟಿದಾರೆ. ಕೇಳಿದೋಳಿಗೇ ಉತ್ತರ ಗೊತ್ತಿಲ್ಲ ಅನ್ನೋ ಪ್ರಶ್ನೆ ಅವರಿಗೆ ಸಿಗೋದೆಲ್ಲಿ? ನಂಗೆ ಸಿಕ್ಕಿದ್ದು ಈ ಚಾಪೆ ಮೇಲೆ.

ಇದೇನೋ ನಿನ್ನೆ ಮೊನ್ನೆ ಹುಟ್ಟಿದ ಹುಚ್ಚು ಅಂದ್ಕೊಬೇಡಿ. ಇದರ ಬೇರು ಪ್ರಷ್ಯಾ ಅನ್ನೋ ಹಳೇ ಜರ್ಮನ್ ರಾಜ್ಯದ ಸೈನ್ಯದಲ್ಲಿದೆ. 1824ರಲ್ಲಿ ಅಲ್ಲಿನ ರೈಸ್‌ವಿಟ್ಸ್ ಅನ್ನೋ ಅಧಿಕಾರಿ ನಕ್ಷೆ ಮೇಲೆ ಯುದ್ಧ ಆಡೋ ಕ್ರೀಗ್‌ಸ್ಪೀಲ್ ಅನ್ನೋ ಆಟ ಸೈನ್ಯದ ದೊಡ್ಡವರಿಗೆ ತೋರ್ಸಿದ, ಅದಕ್ಕೆ ನಿಯಮ ದಾಳ ಕೋಷ್ಟಕ ಎಲ್ಲ ಜಾಸ್ತಿ ಆಗಿ ಭಾರ ಆಯ್ತು, 1876ರಲ್ಲಿ ಫೆರ್ಡಿ ದ್ಯು ವೆರ್ನ್ವಾ ಅನ್ನೋ ಇನ್ನೊಬ್ಬ ಅಧಿಕಾರಿ ಇಷ್ಟೆಲ್ಲ ಕೋಷ್ಟಕ ಬೇಡ, ಅನುಭವ ಇರೋ ಒಬ್ಬ ಅಂಪೈರ್ ನ್ಯಾಯವಾಗಿ ತೀರ್ಮಾನ ಹೇಳಿದ್ರೆ ಸಾಕು ಅಂದ. ಅಮೆರಿಕದಲ್ಲಿ 1880ರಲ್ಲಿ ಟಾಟನ್ ಅನ್ನೋ ಲೆಫ್ಟಿನೆಂಟ್ ಸ್ಟ್ರಾಟಿಗೋಸ್ ಅಂತ ಇದೇ ಥರದ ಪುಸ್ತಕ ಬರೆದ. ಅದು ಹೆಚ್ಚುಕಮ್ಮಿ ತೊಂಬತ್ತು ವರ್ಷ ಆದ್ಮೇಲೆ ಮಿನೆಸೋಟ ಯೂನಿವರ್ಸಿಟಿ ಲೈಬ್ರರೀಲಿ ಡೇವಿಡ್ ವೆಸ್ಲಿ ಅನ್ನೋ ಯುವಕನ ಕೈಗೆ ಸಿಕ್ತು. ಲೈಬ್ರರಿ ಅನ್ನೋ ಮಾತು ನೆನಪಿಟ್ಕೊಳಿ, ಆಮೇಲೆ ಬರ್ತೀನಿ.

ವೆಸ್ಲಿ 1960ರ ದಶಕದ ಕೊನೇಲಿ ಬ್ರೌನ್‌ಸ್ಟೈನ್ ಅನ್ನೋ ಕಲ್ಪನೆಯ ಊರು ಮಾಡಿ ನೆಪೋಲಿಯನ್ ಕಾಲದ ಯುದ್ಧದ ಆಟ ಇಟ್ಟ. ಬರೀ ಇಬ್ಬರು ಸೇನಾಪತಿಗಳ ಬದಲು ಊರಿನ ಮೇಯರ್, ಬ್ಯಾಂಕಿನವನು, ಯೂನಿವರ್ಸಿಟಿ ಮುಖ್ಯಸ್ಥ ಹಿಂಗೆ ಒಬ್ಬೊಬ್ಬರಿಗೂ ಒಂದೊಂದು ಪಾತ್ರ ಕೊಟ್ಟ. ಯುದ್ಧ ಶುರುವಾಗೋ ಮೊದಲೇ ಆಡೋರು ಮೂಲೆಮೂಲೆಗೆ ಹೋಗಿ ಗುಸುಗುಸು ಶುರು ಹಚ್ಕೊಂಡ್ರು, ಇಬ್ಬರು ದ್ವಂದ್ವ ಯುದ್ಧಕ್ಕೇ ನಿಂತುಬಿಟ್ರು, ಅದಕ್ಕೆ ನಿಯಮಾನೇ ಇರಲಿಲ್ಲ, ನಿಂತಲ್ಲೇ ಕಟ್ಬೇಕಾಯ್ತು. ಆಟ ಕೈ ಮೀರಿ ಕೆಟ್ಟೋಯ್ತು ಅಂತ ವೆಸ್ಲಿ ಅಂದ್ಕೊಂಡ್ರೆ ಆಡಿದೋರು ಇನ್ನೊಂದ್ಸಲ ಮಾಡು ಅಂತ ಬೆನ್ನು ಹತ್ತಿದ್ರು. ಅವರಲ್ಲೊಬ್ಬ ಡೇವ್ ಆರ್ನೆಸನ್. ಮುಂದಿನ ಒಂದು ಆಟದಲ್ಲಿ ಆರ್ನೆಸನ್‌ಗೆ ಕರಪತ್ರ ಹಂಚೋ ಕ್ರಾಂತಿಕಾರಿ ಪಾತ್ರ ಬಂತು, ಆತ ತಾನು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಕಡೆಯವನು ಅಂತ ಮಿಕ್ಕವರನ್ನ ನಂಬಿಸಿ ಕೊನೆಗೆ ದೇಶದ ಖಜಾನೇನೇ ಎತ್ಕೊಂಡು ಹೋದ. ಆಟದಲ್ಲಿ ಹಿಂಗೆ ಮಾಡ್ಬೋದು ಅಂತ ಎಲ್ಲೂ ಬರ್ದಿರಲಿಲ್ಲ, ಮಾಡ್ಬಾರದು ಅಂತಲೂ ಬರ್ದಿರಲಿಲ್ಲ. ಇದೇ ಆರ್ನೆಸನ್ ಬ್ಲ್ಯಾಕ್‌ಮೂರ್ ಅನ್ನೋ ತನ್ನ ಸೀಮೆ ಕಟ್ಟಿ, ವಿಸ್ಕಾನ್ಸಿನ್‌ನ ಲೇಕ್ ಜಿನೀವಾದ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದಿದ್ದು. ಮೂರು ಸಣ್ಣ ಪುಸ್ತಕದ ಒಂದು ಡಬ್ಬಿ, ಮೊದಲ ಸಲ ಸಾವಿರ ಪ್ರತಿ. ಬಯಲು ಕಾಡು ಸುತ್ತೋಕೆ ಅವರು ಬಳಸಿ ಅಂದಿದ್ದು 1972ರ ಔಟ್‌ಡೋರ್ ಸರ್ವೈವಲ್ ಅನ್ನೋ ಬೇರೆ ಒಂದು ಆಟದ ನಕ್ಷೇನ. ಅಂದ್ರೆ ಸ್ಯಾಂಡ್‌ಬಾಕ್ಸ್ ಅನ್ನೋದು ಆಮೇಲೆ ಸೇರಿಸಿದ್ದಲ್ಲ, ಈ ಆಟ ಹುಟ್ಟಿದ್ದೇ ಹಿಂಗೆ.

ಆ ಕಾಲದ ಒಂದು ನಿಯಮ ನಂಗೆ ತುಂಬ ಇಷ್ಟ. ಪಾತ್ರದ ಬಲ ಹೆಚ್ಚಿಸೋ ಅನುಭವದ ಅಂಕ ಮುಖ್ಯವಾಗಿ ಬರ್ತಿದ್ದಿದ್ದು ಕೊಂದಿದ್ದಕ್ಕಲ್ಲ, ತಂದಿದ್ದಕ್ಕೆ, ಒಂದು ಚಿನ್ನದ ನಾಣ್ಯ ಮನೆಗೆ ತಂದ್ರೆ ಒಂದು ಅಂಕ. ಶುರುವಿನಲ್ಲಿ ಪಾತ್ರಕ್ಕೆ ಜೀವ ಎಷ್ಟು ಕಮ್ಮಿ ಅಂದ್ರೆ ಒಂದೆರಡು ಏಟಿಗೆ ಮುಗೀತು. ಹಾಗಾಗಿ ಜಗಳ ಆಡೋದು ದಡ್ಡತನ, ಏಮಾರಿಸೋದು ಮಾತಾಡೋದು ಕಾಯೋದು ಜಾಣತನ. ಅಷ್ಟು ಸಣ್ಣ ಲೆಕ್ಕದಿಂದ ಆಡೋರ ಬುದ್ಧಿ ಎತ್ತ ತಿರುಗತ್ತೆ ನೋಡಿ. ನೆಲ ತಟ್ಟಿ ನೋಡೋಕೆ ಹತ್ತಡಿ ಕೋಲು ಹೊತ್ಕೊಂಡು ಹೋಗೋರು, ಗುಪ್ತ ಬಾಗಿಲಿನ ಸಂದಿ ಗೊತ್ತಾಗ್ಲಿ ಅಂತ ನೀರು ಸುರಿದು ಎಲ್ಲಿ ಇಂಗತ್ತೆ ಅಂತ ನೋಡೋರು. ನಮ್ಮ ಹುಡುಗೀರೂ ಕಲ್ತಿದಾರೆ, ಎಲ್ಲಿಗೆ ಹೋದ್ರೂ ಒಂದು ಸಣ್ಣ ಚೀಲ ರಾಗಿ ಹಿಟ್ಟು, ಗಾಳಿ ಎಲ್ಲಿಂದ ಬರತ್ತೆ ಅಂತ ನೋಡೋಕೆ.

ಇನ್ನು ನನ್ನ ತಪ್ಪೊಂದು ಹೇಳ್ಲೇಬೇಕು. ಮೊದಲನೇ ವರ್ಷ ಒಂದು ಪಾಳು ಗುಡಿ ಇಟ್ಟಿದ್ದೆ, ಅದಕ್ಕೊಂದು ಮರದ ಬಾಗಿಲು, ಬಾಗಿಲ ಮೇಲೆ ಒಗಟು. ಒಗಟಿನ ಉತ್ತರ ಹೇಳಿದ್ರೆ ತೆರೆಯತ್ತೆ ಅಂತ ನಾನು ಎರಡು ರಾತ್ರಿ ಕೂತು ಬರೆದಿದ್ದೆ, ಆ ಒಗಟಿನ ಮೇಲೆ ನಂಗೆ ಬಹಳ ಪ್ರೀತಿ. ಮಕ್ಕಳಿಗೆ ಹೊಳೀಲಿಲ್ಲ. ಮುಕ್ಕಾಲು ಗಂಟೆ ಆದ್ಮೇಲೆ ಬಡಗಿಯವರ ಮಗಳು ಕೇಳಿದ್ಲು, "ಟೀಚರ್, ಬಾಗಿಲು ಯಾವ ಕಡೆ ತೆರೆಯತ್ತೆ? ನಮ್ಮ ಕಡೆಗಾದ್ರೆ ಕೀಲು ಈಚೆಗೇ ಇರತ್ತಲ್ಲ. ಮೊಳೆ ಇಟ್ಟು ಕೆಳಗಿಂದ ಹೊಡೆದ್ರೆ ಪಿನ್ನು ಮೇಲೆ ಬರತ್ತೆ, ಕದಾನೇ ಎತ್ತಿ ಪಕ್ಕಕ್ಕಿಡ್ಬೋದು, ಅಪ್ಪ ಹಂಗೇ ಮಾಡೋದು." ಎಷ್ಟು ಸರಿಯಾದ ಮಾತು! ನಾನೇನಂದೆ ಗೊತ್ತಾ, ಇಲ್ಲಮ್ಮ ಕೀಲಿಗೆ ಮಂತ್ರ ಹಾಕಿದೆ ಅಂದೆ. ಆ ಕ್ಷಣ ಕಟ್ಟಿದ ಸುಳ್ಳು. ಅವಳಿಗೂ ಗೊತ್ತಾಯ್ತು. ಕೈಲಿದ್ದ ದಾಳ ಚಾಪೆ ಮೇಲಿಟ್ಟು ಅವತ್ತು ಸಂಜೆ ತನಕ ಏನೂ ಮಾತಾಡ್ಲಿಲ್ಲ, ಏನು ಕೇಳಿದ್ರೂ ಅವರು ಹೇಳಿದ ಹಾಗೇ ಅಂತಿದ್ಲು. ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂರೋ ಮಕ್ಕಳ ಮುಖ ಇರತ್ತಲ್ಲ, ಅದೇ ಮುಖ. ಮುಂದಿನ ವಾರ ನಾನು ಅವಳ ಹತ್ರ ತಪ್ಪಾಯ್ತು ಅಂತ ಹೇಳಿ, ಕೀಲು ಈಚೆಗೇ ಇದೆ ಹೊಡಿ ಅಂದೆ. ಅವತ್ತಿಂದ ಉತ್ತರ ಬರ್ಕೊಳೋದು ಬಿಟ್ಟೆ. ಬಾಗಿಲು ಯಾವ ಮರ, ಎಷ್ಟು ದಪ್ಪ, ಕೀಲು ಯಾವ ಕಡೆ, ಆಚೆಗೆ ಯಾರಿದಾರೆ, ಸದ್ದಾದ್ರೆ ಅವರಿಗೆ ಕೇಳತ್ತಾ, ಇಷ್ಟು ಬರ್ಕೊತೀನಿ.

ಇದನ್ನ ಹೇಳಿದ್ರೆ ಕೆಲವರು ಹಂಗಾದ್ರೆ ಏನು ಬೇಕಾದ್ರೂ ಮಾಡ್ಬೋದಾ, ಶಿಸ್ತೇ ಇಲ್ವಾ ಅಂತಾರೆ. ಶಿಸ್ತು ನಡೆಸೋರಿಗೆ ಇರ್ಬೇಕು. ಮೂವತ್ತನಾಲ್ಕು ಜನ ಅಂತ ಬರ್ದಿದ್ರೆ ಆಡೋರು ಗೆಲ್ತಿದಾರೆ ಅಂತ ಐವತ್ತು ಮಾಡಂಗಿಲ್ಲ, ಸೋಲ್ತಿದಾರೆ ಅಂತ ಹತ್ತು ಮಾಡಂಗೂ ಇಲ್ಲ. ಉಪ್ಪು ಎತ್ತಿದ್ರೆ ಹಳ್ಳಿಗೆ ತಟ್ಟಲೇಬೇಕು. ಸೀಮೆ ಗಟ್ಟಿಯಾಗಿದ್ರೇನೇ ಆಡೋರ ಉಪಾಯಕ್ಕೆ ಬೆಲೆ. ಒಂದ್ಸಲ ಅಕ್ಕನ ಮಗನ ಪಾತ್ರ ಹೊಳೇಲಿ ಮುಳುಗಿ ಸತ್ತೇಹೋಯ್ತು, ಅತ್ತ, ಉಳಿಸು ಚಿಕ್ಕಮ್ಮ ಅಂತ ಕೇಳ್ದ, ಮಳೆಗಾಲ ನೀರು ಜಾಸ್ತಿ ಇದೆ ಅಂತ ದೋಣಿಯವನ ಬಾಯಲ್ಲಿ ಎರಡು ಸಲ ಹೇಳ್ಸಿದ್ದೆ, ನಾನು ಉಳಿಸ್ಲಿಲ್ಲ. ಕಷ್ಟ ಆಯ್ತು ನಂಗೂ. ಆದ್ರೆ ಈಗ ಹೊಳೆ ಅಂದ್ರೆ ಆಳ ಎಷ್ಟು ಅಂತ ಮೊದಲು ಕೇಳೋನು ಅವನೇ.

ಇನ್ನೊಂದು ತೊಡಕೂ ಇದೆ, ನಿಜ. ಎಲ್ಲಿ ಬೇಕಾದ್ರೂ ಹೋಗಿ ಅಂದ್ರೆ ಹೊಸಬರು ಬೆಪ್ಪಾಗಿ ಕೂತ್ಕೋತಾರೆ, ಮೊದಲೆರಡು ವಾರ ನಮ್ಮಲ್ಲೂ ಹಂಗೇ ಆಯ್ತು. ಅದಕ್ಕೆ ಮದ್ದು ವದಂತಿ. 1979ರಲ್ಲಿ ಗೈಗ್ಯಾಕ್ಸ್ ಬರೆದ ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್ ಅನ್ನೋ ಸಾಹಸದ ಪುಸ್ತಕದಲ್ಲಿ ಇಪ್ಪತ್ತು ವದಂತಿಗಳ ಪಟ್ಟಿ ಇದೆ, ಕೆಲವು ನಿಜ ಕೆಲವು ಸುಳ್ಳು, ದಾಳ ಹಾಕಿ ಒಬ್ಬೊಬ್ಬರಿಗೆ ಒಂದೊಂದು ಹೇಳೋದು. ನಾನು ಸಂತೆ ಮಾತಿನ ಥರ ಮಾಡ್ದೆ. ಗುಡ್ಡದ ಆಚೆ ಬೆಂಕಿ ಕಾಣ್ತಂತೆ, ಹಳೇ ಕೆರೆ ತೂಬಲ್ಲಿ ಏನೋ ಸಿಕ್ಕಾಕೊಂಡಿದೆಯಂತೆ, ಕೋಟೆಯವರಿಗೆ ರಾಜನೇ ಹಣ ಕಳಿಸ್ತಾನಂತೆ. ಮೂರು ವದಂತಿ ಸಿಕ್ಕಿದ್ರೆ ಸಾಕು, ಎಲ್ಲಿಗೆ ಹೋಗೋದು ಅಂತ ತಾವೇ ಕಿತ್ತಾಡ್ತಾರೆ.

ಈಗ ಕೋರಿಕೆ. ಮೊದಲನೇದು ನಿಮಗೇ, ಈ ಆಟದ ಬಗ್ಗೆ ಎರಡು ಸಾಲಲ್ಲ ಒಂದು ಪುಟ ಬರೆಸಿ, ಯಾರಾದ್ರೂ ಆಡೋ ಮನೆಗೆ ನಿಮ್ಮ ವರದಿಗಾರರನ್ನ ಕಳಿಸಿ ಮೂರು ಗಂಟೆ ಕೂರಿಸಿ. ಎರಡನೇದು ಕನ್ನಡದಲ್ಲಿ ಬರೆಯೋರಿಗೆ. ದುಬಾರಿ ಪುಸ್ತಕ ಬೇಕು ಅನ್ನೋ ಮಾತು ಈಗ ಇಲ್ಲ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳ ದಾಖಲೇನ 2023ರ ಜನವರೀಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಲ್ಲಿ ಎಲ್ಲರಿಗೂ ಬಿಟ್ಟಿದಾರೆ, ಹೆಸರು ಹಾಕಿ ಯಾರು ಬೇಕಾದ್ರೂ ಅನುವಾದ ಮಾಡ್ಬೋದು, ಹಂಚ್ಬೋದು. ನಾನು ಮನೆಮಟ್ಟಿಗೆ ಹನ್ನೊಂದು ಪುಟ ಕನ್ನಡದಲ್ಲಿ ಬರ್ಕೊಂಡಿದೀನಿ, ಆಡೋಕೆ ಅಷ್ಟು ಸಾಕಾಗಿದೆ, ಆದ್ರೆ ಭಾಷೆ ಬಲ್ಲೋರು ಕೂತು ಪೂರ್ತಿ ಮಾಡಿದ್ರೆ ಎಷ್ಟು ಊರಿಗೆ ಮುಟ್ಟತ್ತೆ. ಮೂರನೇದು ಗ್ರಂಥಾಲಯದವರಿಗೆ. ಜಿಲ್ಲಾ ಕೇಂದ್ರ ಗ್ರಂಥಾಲಯ ಇದೆ, ಹಳ್ಳಿಗಳಲ್ಲಿ ಅರಿವು ಕೇಂದ್ರ ಅಂತ ಪಂಚಾಯ್ತಿ ಗ್ರಂಥಾಲಯಗಳಿವೆ. ವಾರಕ್ಕೊಂದು ಮಧ್ಯಾಹ್ನ ಒಂದು ಮೇಜು, ಐದು ಕುರ್ಚಿ, ಸ್ವಲ್ಪ ಗಲಾಟೆಗೆ ಅನುಮತಿ, ಇಷ್ಟೇ ಬೇಕಾಗಿರೋದು. ದಾಳ ಪೆನ್ಸಿಲ್ ನಾವೇ ತರ್ತೀವಿ. ಮಿನೆಸೋಟದ ಆ ಲೈಬ್ರರಿ ಕಪಾಟಲ್ಲಿ 1880ರ ಪುಸ್ತಕ ಯಾರೂ ಮುಟ್ಟದೆ ಇದ್ದಿದ್ರೂ ಅದನ್ನ ರದ್ದಿಗೆ ಹಾಕದೆ ಇಟ್ಟಿದ್ರಲ್ಲ, ಅದರಿಂದ ಇಷ್ಟೆಲ್ಲ ಆಯ್ತು. ಹಾಸನದಲ್ಲಿ ಯಾವ ಗ್ರಂಥಾಲಯದವರು ಒಪ್ಪಿದ್ರೂ ಮೊದಲ ಆರು ತಿಂಗಳು ನಾನೇ ಬಂದು ನಡೆಸಿಕೊಡ್ತೀನಿ, ದುಡ್ಡು ಕಾಸು ಏನೂ ಬೇಡ.

ಈ ಭಾನುವಾರ ಅವರು ರಾಜಧಾನಿ ಮುಟ್ತಾರೆ. ಚಿಕ್ಕಪ್ಪ ಬುಧವಾರವೇ ಫೋನ್ ಮಾಡಿ ಕೇಳಿದ್ರು, ಖಜಾನೆ ಗುಮಾಸ್ತನಿಗೆ ಎಷ್ಟು ಮಕ್ಕಳು, ಅವನ ಮನೆ ಯಾವ ಬೀದೀಲಿದೆ ಅಂತ. ಯಾಕೆ ಚಿಕ್ಕಪ್ಪ ಅಂದೆ, ಹೇಳಲ್ಲ ಅಂದ್ರು. ನಾಳೆ ಕಾಲೇಜಿಂದ ಬಂದು ಕೂತು ಗುಮಾಸ್ತನ ಮನೆ ಬರೀಬೇಕು.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು,
ಹಾಸನ